ಹೊಳೆಯ ರಹಬರ

ರಹಬರ ಎಂಬ ಮಾತನ್ನು ನಾನು ಕೇಳಿದ್ದು ಮದುವೆಯಾಗಿ ಹತ್ತಿಮತ್ತೂರಿಗೆ ಬಂದಮೇಲೆ. ದಾರಿ ತೋರಿಸುವವ ಎಂದರ್ಥ, ಸವಣೂರು ಕಡೆಯ ಸಾಬರ ಮಾತು. ಆದರೆ ದಿನಾ ಲಿಂಗಪೂಜೆ ಮಾಡದೆ ಹನಿ ನೀರು ಮುಟ್ಟದ ನನ್ನ ಅತ್ತೆ ಅದನ್ನು ತನ್ನದೇ ಮಾತೆಂಬಂತೆ ಆಡುತ್ತಿದ್ದಳು. ಕೈ ತೋರಿಸಿ "ಹಿಂಗ ಹೋಗ್ರಿ" ಅಂದವನೆಲ್ಲ ರಹಬರನಲ್ಲ. ಒಮ್ಮೆ ಓಟು ಕೇಳಲು ಬಂದವನೊಬ್ಬ ಚಾವಡಿ ಕಟ್ಟೆಯ ಮೇಲೆ ನಿಂತು, ನಾನೇ ನಿಮ್ಮ ರಹಬರ ಎಂದು ಎದೆ ತಟ್ಟಿಕೊಂಡ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು, "ಯಾವ ಹೊಳಿ ದಾಟಿಸ್ಯಾನಂತ ಕೇಳ್ರಿ ಈ ಭಾಡ್ಯಾನ್ನ" ಎಂದಳು.

ನಮ್ಮ ಊರಲ್ಲಿ ಆ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದವ ಒಬ್ಬನೇ. ಎತ್ತಿಗೆ ಲಾಳ ಹೊಡೆಯುವ ಮುದುಕ. ಮಳೆಗಾಲದಲ್ಲಿ ವರದಾ ಹೊಳೆ ದಾಟಿಸುತ್ತಿದ್ದ. ಹಾಗೆ ಕರೆದಮೇಲೆ ನೀರಿನೊಳಗೆ ಅವನ ಮಾತಿಗೆ ಎದುರಾಡುವಂತಿರಲಿಲ್ಲ. ಅವನೂ ಅಷ್ಟೆ, ದಾಟುವವರ ಪಾಲಿಗೆ ಯಾವುದು ಎಲ್ಲಕ್ಕಿಂತ ಹೆಚ್ಚೋ ಅದನ್ನು ಕೇಳಿ ತನ್ನ ತಲೆಯ ಮೇಲೆ ಹೊರುತ್ತಿದ್ದ.

ಆ ವರ್ಷ ನನ್ನ ಮೊದಲ ಮಗಳಿಗೆ ನಾಲ್ಕು ತಿಂಗಳು. ಮಾಸೂರಿನಲ್ಲಿದ್ದ ನನ್ನ ಅವ್ವ ಹಾಸಿಗೆ ಹಿಡಿದಿದ್ದರಿಂದ ಬಾಣಂತನವೂ ಅತ್ತೆಯ ಮನೆಯಲ್ಲೇ ಆಗಿತ್ತು. ಅವ್ವ ಮೊಮ್ಮಗಳ ಮುಖ ಕಂಡಿರಲಿಲ್ಲ. ಒಂದು ಸಂಜೆ ನನ್ನ ಅಣ್ಣ ಆಚೆ ದಡದಲ್ಲಿ ಚಕ್ಕಡಿ ಬಿಟ್ಟು, ಹೊಳೆ ದಾಟಿ, ಒದ್ದೆ ಧೋತರದಲ್ಲೇ ಬಂದು ನಿಂತ. "ಬರೋದಿದ್ರ ಈಗ ಬಾ. ಅವ್ವ ಭಾಳ ದಿನ ಉಳಿಯಂಗಿಲ್ಲ" ಅಂದ. ರಾತ್ರಿಯಿಡೀ ಮಳೆ ಹೊಡೆಯಿತು.

ಬೆಳಗ್ಗೆ ಹೊಳೆ ಕೆಂಪಗಿತ್ತು. ಮುದುಕ ತಲೆಯ ರುಮಾಲು ಬಿಚ್ಚಿ ಉದ್ದಕ್ಕೆ ಹಾಸಿದ. ಒಂದು ತುದಿ ಅವನಿಗೆ, ನಡುವೆ ನಾನು, ಹಿಂದೆ ಅಣ್ಣ. ನಾನು ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಹೋದೆ.

"ಗಂಟು ಹಾಕಬ್ಯಾಡ ಯವ್ವಾ. ಕೈಯಾಗ ಹಿಡಿ. ನಾ ಬಿದ್ರ ಬಿಟ್ಟುಬಿಡು."

"ಕೂಸು ನಿಮ್ಮ ತಲಿ ಮ್ಯಾಲ ಇರ್ತೈತಲ್ರಿ ಕಾಕಾ!"

ಅವನು ಬುಟ್ಟಿಯೊಂದನ್ನು ನನ್ನ ಮುಂದಿಟ್ಟ. ಅಂಜಬ್ಯಾಡ ಅಂತಾದರೂ ಅನ್ನಬಾರದೇ? ಅನ್ನಲಿಲ್ಲ. ಬುಟ್ಟಿಗೆ ಕೌದಿ ಹಾಸಿ ನಾನೇ ಮಗಳನ್ನು ಮಲಗಿಸಿದೆ, ನಾನೇ ಎತ್ತಿ ಅವನ ತಲೆಯ ಮೇಲಿಟ್ಟೆ. ಕೈ ಬಿಡಲು ಮನಸ್ಸು ಬರಲಿಲ್ಲ.

ನೀರು ಬರುವ ಕಡೆಗೆ ಮುಖ ಮಾಡಿ ಅಡ್ಡಡ್ಡ ಹೆಜ್ಜೆ ಹಾಕಿದೆವು. ಮೊಣಕಾಲು, ತೊಡೆ, ಸೊಂಟ. ಹಿಮ್ಮಡಿಯ ಕೆಳಗಿನ ಉಸುಕು ತಾನೇ ಜಾರುತ್ತಿತ್ತು. ಬೇರುಸಮೇತ ಕಿತ್ತ ಜಾಲಿ ಗಿಡವೊಂದು ನಮ್ಮ ಮುಂದೆಯೇ ತಿರುಗುತ್ತ ಹೋಯಿತು. ಮಗಳು ಅಳುತ್ತಿದ್ದಳು; ಆ ಅಳುವೊಂದನ್ನೇ ನೆಚ್ಚಿ ನಾನು ಕಾಲಿಡುತ್ತಿದ್ದೆ. ನಡುನೀರಿನಲ್ಲಿ ಅಳು ನಿಂತಿತು. ಅದೇ ಹೊತ್ತಿಗೆ ಮುದುಕನೂ ನಿಂತ. ಕೋಲಿನಿಂದ ಮುಂದೆ ತಡವಿದ, ಎಡಕ್ಕೆ ತಡವಿದ. ಕೋಲು ಪೂರ್ತಿ ಮುಳುಗಿತು.

"ಯವ್ವಾ, ಇಲ್ಲಿಂದ ಮುಂದ ನಂಗ ಗೊತ್ತಿಲ್ಲ."

"ನಿನ್ನೆ ಇದ ಹಾದಿಲೇ ಬಂದೇವಲ್ಲೋ! ನಡಿ ಮುಂದ!" ಹಿಂದಿನಿಂದ ಅಣ್ಣ ಕೂಗಿದ.

"ನಿನ್ನಿ ಹಾದಿ ರಾತ್ರಿ ಹೋಗೇತ್ರಿ. ಹಿಂದಕ್ಕ ಹೋಗೋಣ."

ಅಲ್ಲಿ ಅವ್ವ ಉಸಿರು ಹಿಡಿದು ಕಾಯುತ್ತಿದ್ದಾಳೆ, ಆಚೆ ದಡದ ನಮ್ಮ ಚಕ್ಕಡಿ ಕಣ್ಣಿಗೆ ಕಾಣುತ್ತಿದೆ, ಇವನು ಗೊತ್ತಿಲ್ಲ ಅನ್ನುತ್ತಾನೆ! ಅಳು ಬಂತು. ನಡಿರಿ ಅಂದೆ. ಅವನು ಜಗ್ಗಲಿಲ್ಲ. ಬಂದಂತೆಯೇ ಅಡ್ಡಡ್ಡ ಹೆಜ್ಜೆಯಲ್ಲಿ ಹಿಂದಿರುಗಿದೆವು. ದಡ ಹತ್ತಿದೊಡನೆ ಬುಟ್ಟಿಗೆ ಕೈ ಹಾಕಿದೆ. ಮಗಳು ಹೆಬ್ಬೆರಳು ಚೀಪುತ್ತ ನಿದ್ದೆ ಹೋಗಿದ್ದಳು.

ಎರಡು ದಿನ ಮನೆಯಲ್ಲಿ ಬೆಂಕಿಯ ಮೇಲೆ ಕುಳಿತಂತೆ ಕುಳಿತೆ. ಮುದುಕ ಒಬ್ಬನೇ ನೀರಿಗಿಳಿದು ತಡವುತ್ತಿದ್ದಾನೆ ಎಂದು ಯಾರೋ ಹೇಳಿದರು, ನಾನು ಕೇಳಿಸಿಕೊಳ್ಳಲಿಲ್ಲ. ಮೂರನೆಯ ದಿನ ಬೆಳಗ್ಗೆ ಅವನೇ ಬಾಗಿಲಿಗೆ ಬಂದು, "ಈಗ ಗೊತ್ತಾಗೇತಿ, ಬಾ ಯವ್ವಾ" ಅಂದ. ದಾಟಿಸಿದ.

ಆಚೆ ದಡದಲ್ಲಿ ಚಕ್ಕಡಿಯ ಪಕ್ಕ ನಮ್ಮ ದೊಡ್ಡಪ್ಪನ ಮಗ ನಿಂತಿದ್ದ.

"ನಿನ್ನೆ ಮಧ್ಯಾಹ್ನ ಮಣ್ಣು ಮಾಡಿದ್ವಿ. ಮೊನ್ನೆ ಸಂಜೀತನಾ ಮಾತಾಡಿದ್ಲು. ಕೂಸು ಬಂತೇನು, ಕೂಸು ಬಂತೇನು ಅಂತಿದ್ಲು."

ನಾನು ಮುದುಕನ ಮೇಲೆ ಹರಿಹಾಯ್ದೆ. "ಆವತ್ತ ದಾಟಿಸಿದ್ರ ನಮ್ಮವ್ವ ಸಿಗ್ತಿದ್ಲು! ನೀ ಎಂಥಾ ರಹಬರ? ನಿನ್ನ ಬಾಯಾಗ ಮಣ್ಣು ಬೀಳ್ಲಿ!" ಇನ್ನೂ ಏನೇನೋ ಬೈದೆ, ಬರೆಯಲಾರೆ. ಬುಟ್ಟಿ ಇನ್ನೂ ಅವನ ತಲೆಯ ಮೇಲೆಯೇ ಇತ್ತು. ಅವನು ಎಲ್ಲವನ್ನೂ ನಿಂತು ಕೇಳಿದ.

"ಆವತ್ತ ದಾಟಬಹುದಿತ್ತೇನು? ಖರೇ ಹೇಳು."

"ದಾಟಿದ್ರೂ ದಾಟ್ತಿದ್ವೇನೋ ಯವ್ವಾ. ನಂಗ ಗೊತ್ತಿರ್ಲಿಲ್ಲ."

ಅಣ್ಣ ಚಕ್ಕಡಿ ಹೂಡಿದ. ಮುಂದೆ ಒಂದು ಹಳ್ಳವಿತ್ತು. ನೀರು ಇಳಿದೈತಿ, ಏನೂ ಚಿಂತಿಲ್ಲ ಎಂದು ದೊಡ್ಡಪ್ಪನ ಮಗ ಎರಡು ಸಲ ಹೇಳಿದ. ನಾನು ಹತ್ತಲಿಲ್ಲ. ನನ್ನ ಸಿಟ್ಟು ಇಳಿದಿರಲಿಲ್ಲ, ಇವತ್ತಿಗೂ ಪೂರಾ ಇಳಿದಿಲ್ಲ. ಕಣ್ಣೊರೆಸಿಕೊಂಡು ಮುದುಕನ ಕಡೆ ತಿರುಗಿದೆ.

"ಹಳ್ಳದ ತನಕ ನೀವು ಬರ್ರಿ ಕಾಕಾ," ಎಂದೆ.