ಸೂಜಿ ತಂದ ಬೀಗರು

ಕೊರೊನಾ ಲಾಕ್‌ಡೌನಿನಲ್ಲಿ ಊರೂರೂ ರಸ್ತೆಗೆ ಜಾಲಿಮುಳ್ಳು ಬಡಿದುಕೊಂಡು ಕೂತಿದ್ದಾಗ ನಾನು ಗಂಗಾವತಿಯಿಂದ ಸ್ಕೂಟಿ ಮೇಲೆ ಸೂಜಿ, ಸಿರಿಂಜು ಹಂಚುತ್ತ ತಿರುಗುತ್ತಿದ್ದೆ. ಲಸಿಕೆಗಲ್ಲ, ಲಸಿಕೆ ಇನ್ನೂ ಹುಟ್ಟೇ ಇರಲಿಲ್ಲ. ನಶೆಯ ಇಂಜೆಕ್ಷನ್ ಚುಚ್ಚಿಕೊಳ್ಳುವವರಿಗೆ. ಬಿಡು ಎಂದು ಭಾಷಣ ಬಿಗಿಯುವವರು ಬೇಕಾದಷ್ಟು ಜನ ಇದ್ದಾರೆ. ಬಿಡುವ ತನಕ ಒಬ್ಬರ ಸೂಜಿ ಇನ್ನೊಬ್ಬರು ಬಳಸಿ ರೋಗ ಹತ್ತಿಸಿಕೊಳ್ಳದಿರಲಿ ಎಂದು ಹೊಸದು ಕೊಟ್ಟು ಹಳೆಯದು ವಾಪಸು ತರುವುದು ನನ್ನ ಕೆಲಸ. ಇದನ್ನು ನನ್ನ ಗಂಡನಿಗೆ ತಿಳಿಸಿ ಹೇಳುವುದರಲ್ಲೇ ಅರ್ಧ ಆಯುಷ್ಯ ಹೋಗಿದೆ, ನಿಮಗೆ ಒಂದೇ ಸಲ ಹೇಳುತ್ತೇನೆ.

ರೈಸ್‌ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ ಹಮಾಲನೊಬ್ಬ ಬೆನ್ನುನೋವಿಗೆಂದು ಶುರುಮಾಡಿ ಆ ಇಂಜೆಕ್ಷನ್ನಿಗೇ ಗಂಟುಬಿದ್ದಿದ್ದ. ಮಿಲ್ಲು ಮುಚ್ಚಿದ ಮೇಲೆ ತಾವರಗೇರಾ ಕಡೆಯ ತನ್ನ ಹಳ್ಳಿ ಸೇರಿ, ಮೊದಲಿನಿಂದ ಸೂಜಿ ಕೊಡುತ್ತಿದ್ದ ನನಗೆ ಫೋನ್ ಮಾಡಿದ.

"ಅಕ್ಕಾರ, ಇದ್ದ ಒಂದ ಸೂಜಿ ಮೊಂಡಾಗೇತ್ರಿ. ಇಲ್ಲೊಬ್ಬ ಗೆಳ್ಯಾನ ಹತ್ರ ಐತಿ, ಅವಂದ ತಗೊಳ್ಳೇನ್ರಿ?"

"ಮುಟ್ಟಿದ್ರ ಕೈ ಮುರೀತೀನಿ! ನಾನ ಬರ್ತೀನಿ."

"ಬರ್ರಿ. ಆದ್ರ ನಮ್ಮವ್ವಗ ಗೊತ್ತಾಗಬಾರ್ದ್ರಿ. ಗೊತ್ತಾದ್ರ ಎದಿ ಒಡಕೊಂಡು ಸಾಯ್ತಾಳ."

ಅವನ ಊರಿನ ಬೇಲಿಗೆ ಒಬ್ಬ ಮುದುಕ ಕಾವಲಿದ್ದ. ಮಾಸ್ಕು ಗದ್ದಕ್ಕೆ, ಬಡಿಗೆ ಕೈಗೆ. "ಯಾರ ಮನಿಗ್ರಿ? ಯಾಕ್ರಿ?" ಆರೋಗ್ಯದ ಕೆಲಸ ಎಂದರೆ ಆ ಮನೆಗೆ ಕೊರೊನಾ ಹೊಕ್ಕಿದೆ ಎಂದು ಊರೆಲ್ಲ ಡಂಗುರ ಹೊಡೆಯುತ್ತಾನೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ವರಾ ನೋಡಾಕ ಬಂದೀನ್ರಿ. ಹುಡುಗಿ ಸೋದರತ್ತಿ ನಾನು."

ಮುದುಕನ ಮುಖ ಅರಳಿತು, ಮುಳ್ಳು ಸರಿಯಿತು. ಬೀಗರೆಂದರೆ ನಮ್ಮ ಕಡೆ ರೋಗದ ಕಾಲದಲ್ಲೂ ರಿಯಾಯಿತಿ.

ಅವನ ಮನೆಯಲ್ಲೂ ಅದೇ ಸುಳ್ಳು ನಡೆಯಿತು, ಅಲ್ಲಿಂದ ವಾರವಾರ ನಾನು ಬೀಗತಿ. ಅವನ ತಾಯಿ ಒಳಗೆ ಚಹಾಕ್ಕಿಡುವಾಗ ಬಾಳೆಹಣ್ಣಿನ ಚೀಲದ ತಳದಿಂದ ಹೊಸ ಸೂಜಿ ಅವನಿಗೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಳೆಯವು ನನಗೆ. ಮೊದಲ ಸಲ ಬರೀ ಚಹಾ, ಆಮೇಲೆ ಮಂಡಕ್ಕಿ ಸೂಸಲ, ಮಿರ್ಚಿ, ಆಮೇಲೆ ಹೋಳಿಗೆ. ಅಯ್ಯೋ ಶಿವನೇ, ಒಂದೊಂದು ತುತ್ತಿಗೂ ಒಂದೊಂದು ಪಾಪ ಲೆಕ್ಕ ಹಾಕುತ್ತಿದ್ದೆ. ತಿನ್ನುವುದನ್ನೇನೂ ಬಿಡಲಿಲ್ಲ ಎನ್ನಿ. ಬೇಲಿ ಮುದುಕನದು ಬೇರೆ ಕಾಟ.

"ಹ್ವಾದ ಸಲ ಹುಡುಗಿ ನರ್ಸ್ ಅಂದಿದ್ರಿ, ಈಗ ಟೀಚರ್ ಅಂತೀರಲ್ಲ?"

"ಎರಡೂ ಓದ್ಯಾಳ. ನಿನಗೇನು ತ್ರಾಸು? ಮುಳ್ಳು ಸರಸು!"

ಒಂದು ದಿನ ತಾಯಿ ಮಗನನ್ನು ಹಿತ್ತಲಿಗೆ ಎಮ್ಮೆ ನೋಡಲು ಕಳಿಸಿ ನನ್ನೆದುರು ಕೂತಳು. ತಟ್ಟೆ ಬರಲಿಲ್ಲ. ನಮ್ಮಲ್ಲಿ ಗಂಡಿನ ಕಡೆಯವರು ವರನ ಹುಳುಕು ಮುಚ್ಚುವುದೇ ರೂಢಿ, ಕುಂಟನಿದ್ದರೆ ಕೂರಿಸಿಯೇ ತೋರಿಸುತ್ತಾರೆ. ಈಕೆ ಸೆರಗಿನಿಂದ ಕಣ್ಣೊತ್ತಿಕೊಂಡು ಹೇಳಿದಳು:

"ನಿಮ್ಮ ಹುಡುಗಿನ ಕೊಡಬ್ಯಾಡ್ರಿ. ನನ್ನ ಮಗ ನಶೇದ ಸೂಜಿ ಚುಚ್ಚಿಕೊಳ್ತಾನ. ನನಗ ಗೊತ್ತೈತಿ ಅನ್ನೂದು ಅವಗ ಗೊತ್ತಿಲ್ಲ. ಗೊತ್ತಾದ್ರ ನಾಚಿ ಎಲ್ಲೆರ ಹೋಗಿಬಿಟ್ಟಾನು ಅಂತ ಬಾಯಿ ಮುಚ್ಕೊಂಡೀನಿ. ಆದ್ರ ಮಂದಿ ಮಗಳ ಬಾಳ್ವಿ ಹಾಳ ಮಾಡಾಕ ಮನಸ ಒಪ್ಪವಲ್ದು."

ನನಗೆ ಅಳು ತಡೆಯಲಾಗಲಿಲ್ಲ. ಚೀಲ ಬೋರಲು ಹಾಕಿದೆ. ಬಾಳೆಹಣ್ಣಿನ ಜೊತೆ ಸೂಜಿಯ ಪೊಟ್ಟಣಗಳೂ ಬಿದ್ದವು. ನಾನು ಯಾರು, ಯಾಕೆ ಬರುತ್ತೇನೆ, ಎಲ್ಲ ಹೇಳಿದೆ. ಆಕೆ ಒಂದು ಪೊಟ್ಟಣ ಎತ್ತಿ ತಿರುಗಿಸಿ ನೋಡಿದಳು.

"ಹಂಗಾರ ಹುಡುಗೀನ ಇಲ್ಲೇನ್ರಿ?"

"ಇಲ್ರಿ."

"ನರ್ಸೂ ಇಲ್ಲ, ಟೀಚರೂ ಇಲ್ಲ?"

"ಯಾರೂ ಇಲ್ಲ ಯವ್ವಾ."

ಹಿತ್ತಲ ಬಾಗಿಲಲ್ಲಿ ಮಗನ ಹೆಜ್ಜೆ ಕೇಳಿದ್ದೇ ತಡ, ಆಕೆ ಪೊಟ್ಟಣಗಳನ್ನೆಲ್ಲ ಬಾಚಿ ಚೀಲದ ತಳಕ್ಕೆ ಹಾಕಿ ಮೇಲೆ ಬಾಳೆಹಣ್ಣು ಜೋಡಿಸಿದಳು. "ಬರೂ ವಾರನೂ ಬೀಗರಾಗೇ ಬರ್ರಿ," ಎಂದು ಪಿಸುಗುಟ್ಟಿದಳು. ಆಮೇಲೆ ಅವನಿಗೂ ಕೇಳುವಂತೆ ದನಿ ಎತ್ತಿದಳು:

"ಹುಡುಗಿ ಭಾಳ ಛಲೋ ಅದಾಳಂತ ಅನ್ನಸ್ತೈತ್ರಿ. ಎಷ್ಟ ದಿನ ಆದ್ರೂ ನಾವು ಕಾಯ್ತೀವಿ."