ಹನ್ನೆರಡನೇ ಮೊಳೆಯ ಬಿಲ್ಲೆ

ಮೊನ್ನೆ ಬಂಗಾರಪೇಟೆಯ ಒಂದು ಶಾಲೆಯಲ್ಲಿ ಮಕ್ಕಳ ಕಣ್ಣಿಗೆ ಡಬ್ಬಿಯಂಥದ್ದೇನೋ ಕಟ್ಟಿ, ಹಳಗನ್ನಡ ಕಾವ್ಯದ ಯುದ್ಧಭೂಮಿಯಲ್ಲಿ ಓಡಾಡಿಸಿದರಂತೆ. ಫೋಟೋ ನೋಡಿದೆ. ಎಂಥ ಹೊಸ ಉಪಾಯ ಅಂತ ಎಲ್ಲರದೂ ಚಪ್ಪಾಳೆ. ನನಗೆ ಮೈ ಉರಿಯಿತು. ಇದನ್ನೇ ತೊಂಬತ್ತರ ದಶಕದಲ್ಲಿ, ಮೈಸೂರು ಮೈನ್ಸ್ ಚಿನ್ನದ ಗಣಿ ಬಳಿಯ ನಮ್ಮ ಶಾಲೆಯಲ್ಲಿ, ಬರೀ ಗೋಣಿಚೀಲದಲ್ಲಿ ಮಾಡಿ ತೋರಿಸಿದ ಹೆಂಗಸಿನ ಕೆಲಸ ಕಿತ್ತುಕೊಂಡರು. ಆ ದಿನ ಇನ್ನೂ ಒಂದು ನಡೆಯಿತು. ದೆವ್ವ ಗಿವ್ವ ಅಂದವರ ಮುಖಕ್ಕೇ ನಗುತ್ತಿದ್ದವಳು ನಾನು. ಈಗ ನಂಬುತ್ತೇನೆ ಅಂತಲ್ಲ, ನಗುವುದನ್ನು ಬಿಟ್ಟಿದ್ದೇನೆ, ಅಷ್ಟೇ.

ಸರೋಜ ಮಿಸ್ ಬೂದಿಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹಂಗಾಮಿ ಟೀಚರ್. ನಮ್ಮ ಹತ್ತನೇ ಕ್ಲಾಸಿನಲ್ಲಿ ಅರ್ಧ ಜನರದು ಮನೆಯಲ್ಲಿ ತಮಿಳು, ಮಿಕ್ಕವರದು ತೆಲುಗು. ಹಳಗನ್ನಡ ಅಂದರೆ ಜ್ವರ ಬರುತ್ತಿತ್ತು. ಯುದ್ಧ ಮುಗಿದ ಮೇಲೆ ತಾಯಿಯೊಬ್ಬಳು ಕತ್ತಲಲ್ಲಿ ಮಗನನ್ನು ಹುಡುಕುವ ಪದ್ಯವಿತ್ತು. ಮಿಸ್ ಹಳೇ ಸಾಮಾನಿನ ಕೋಣೆಯ ಕಿಟಕಿಗಳಿಗೆ ಗೋಣಿ ಹೊಡೆದು ಕತ್ತಲು ಮಾಡಿದರು. ನಾವು ಸತ್ತ ಸೈನಿಕರಾಗಿ ಮಲಗಬೇಕು, ಒಬ್ಬರು ತಾಯಿಯಾಗಿ ನಡೆಯಬೇಕು. ಪದ್ಯದ ಮಾತಲ್ಲೇ ಕೇಳಿದರೆ ಹೆಣಗಳು ದಾರಿ ಹೇಳುತ್ತವೆ, ತಪ್ಪಿದರೆ ಇಲ್ಲ. ಒಂದೇ ವಾರದಲ್ಲಿ ಇಡೀ ಪದ್ಯ ಎಲ್ಲರ ಬಾಯಲ್ಲಿತ್ತು.

ಬಾಗಿಲ ಪಕ್ಕದ ಮೊಳೆ ಹಲಗೆ ಮಾತ್ರ ನಮ್ಮ ಐಡಿಯಾ. ಗಣಿಗೆ ಇಳಿಯುವವರು ನಂಬರಿನ ಬಿಲ್ಲೆ ತೆಗೆದುಕೊಂಡು ಇಳಿಯುತ್ತಿದ್ದರು, ಮೇಲೆ ಬಂದ ಮೇಲೆ ವಾಪಸ್ ಮೊಳೆಗೆ ಹಾಕುತ್ತಿದ್ದರು. ಮೊಳೆ ಖಾಲಿ ಅಂದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ. ಗಣಿಯವರ ಮನೆಗಳಲ್ಲಿ ಈ ವಿಷಯದಲ್ಲಿ ಹುಡುಗಾಟ ಇರಲಿಲ್ಲ. ನಮ್ಮ ಕತ್ತಲ ಕೋಣೆಗೆ ಹೋಗುವವರಿಗೂ ಅದೇ ನಿಯಮ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮೊಳೆಯಿಂದ ನಂಬರು ಗೀಚಿ ಬಿಲ್ಲೆ ಮಾಡಿದವಳು ನಾನೇ.

ಕನ್ನಡ ಪೀರಿಯಡ್ಡಿನಲ್ಲಿ ಆಟ ಆಡಿಸುತ್ತಾರೆ ಅಂತ ಯಾರೋ ದೂರು ಕೊಟ್ಟಿದ್ದರು. ಒಂದು ಮಧ್ಯಾಹ್ನ ತಪಾಸಣೆಗೆ ಸಾಹೇಬರೊಬ್ಬರು ಬಂದರು.

"ಏನಮ್ಮಾ, ಪಾಠ ಮಾಡೋಕೆ ಬರಲ್ಲ ಅಂತ ಬೊಂಬೆಯಾಟ ಶುರು ಮಾಡಿದೀಯಾ?"

"ಒಂದ್ಸಲ ಒಳಗೋಗಿ ನೋಡಿ ಸಾರ್" ಅಂತ ಮಿಸ್ ಹನ್ನೆರಡನೇ ಬಿಲ್ಲೆ ಕೊಟ್ಟರು.

ನಾವು ಒಳಗೆ ಮಲಗಿದ್ದೆವು. ಸಾಹೇಬರು ಎಡವಿದರು, ಗೋಡೆ ತಡವಿದರು. "ಲೇ, ಬಾಗಿಲು ಯಾವ ಕಡೆ ಇದೆ?" ಯಾರೂ ಉಸಿರೆತ್ತಲಿಲ್ಲ. ಪದ್ಯದ ಮಾತಲ್ಲವಲ್ಲ! ಗೆಳತಿ ಸೆಲ್ವಿ ಕಿಸಕ್ಕನೆ ನಕ್ಕಳು. ಹೇಗೋ ಆಚೆ ಬಂದವರು, "ಸೋಮವಾರದಿಂದ ನೀನು ಬರಬೇಡ" ಅಂದು ಜೀಪಿನತ್ತ ನಡೆದರು. ಸೆಲ್ವಿ ಹಿಂದೆಯೇ ಓಡಿದಳು.

"ಸಾರ್, ಬಿಲ್ಲೆ ಆಕ್ಬುಟ್ಟು ಓಗಿ ಸಾರ್! ಇಲ್ದಿದ್ರೆ ನೀವು ಒಳಗೇ ಇದ್ದಂಗೆ!"

"ಇದನ್ನ ರಿಪೋರ್ಟಿಗೆ ಅಂಟಿಸ್ತೀನಿ, ಹೋಗಮ್ಮ." ಬಿಲ್ಲೆ ಜೇಬಿಗಿಳಿಯಿತು. ಜೀಪು ಬಂಗಾರಪೇಟೆ ರಸ್ತೆ ಹಿಡಿದದ್ದನ್ನು ನಾವೆಲ್ಲ ನೋಡಿದೆವು.

ಹೆಡ್‌ಮಾಸ್ಟರು ಬೀಗ ತಂದರು. ಆಗ ಖಾಲಿ ಕೋಣೆಯೊಳಗಿಂದ ಅದೇ ಗಂಟಲು ಕೇಳಿಸಿತು. "ಬಾಗಿಲು ಯಾವ ಕಡೆ ಇದೆ?" ಆದರೆ ಆ ಜೋರು ಇರಲಿಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಕೇಳಿದ ಹಾಗಿತ್ತು.

ಹೆಡ್‌ಮಾಸ್ಟರ ಕೈಯ ಬೀಗ ಕೆಳಗೆ ಬಿತ್ತು. ಮಿಸ್ ಸೆರಗು ಸಿಕ್ಕಿಸಿಕೊಂಡು ಒಳಗೆ ಹೊರಟರು. ನನಗೆ ಹೆದರಿಕೆಗಿಂತ ಸಿಟ್ಟು ಬಂತು. "ಬುಡಿ ಮಿಸ್, ಬಿದ್ದಿರ್ಲಿ ಅಲ್ಲೇ!" ಅಂತ ಕಿರುಚಿದೆ.

"ಒಳಗೆ ಆಳು ಇದ್ರೆ ಬೀಗ ಆಕ್ಬಾರ್ದು ಕಣಮ್ಮ."

ಕತ್ತಲಲ್ಲಿ ಮಿಸ್ ಪದ್ಯದ ಒಂದು ಸಾಲು ಹೇಳಿದರು. ಆ ಗಂಟಲು ಹಿಂದೆಯೇ ಹೇಳಿತು, ತಪ್ಪಾಗಿ. ಮಿಸ್ ತಿದ್ದಿದರು, ನಮಗೆ ತಿದ್ದುತ್ತಿದ್ದಷ್ಟೇ ತಾಳ್ಮೆಯಿಂದ. ಮೂರನೇ ಸಲ ಸರಿಯಾಗಿ ಬಂತು. "ಇಂಗೇ ಬನ್ನಿ ಸಾರ್" ಅಂದರು. ಆಚೆ ಬಂದದ್ದು ಮಿಸ್ ಒಬ್ಬರೇ.

ಹಲಗೆ ನೋಡಿದೆ. ಹನ್ನೆರಡನೇ ಮೊಳೆಯಲ್ಲಿ ಬಿಲ್ಲೆ ನೇತಾಡುತ್ತಿತ್ತು. ಬೇರೆಯದು ಅನ್ನಬೇಡಿ, ನಾನು ಕತ್ತರಿ ಜಾರಿಸಿ ಸೊಟ್ಟ ಮಾಡಿದ ಮೂಲೆ ನನಗೆ ಗೊತ್ತಾಗುವುದಿಲ್ಲವೇ?

ಬಿಲ್ಲೆ ವಾಪಸ್ ಬಂತು, ಮಿಸ್ ಕೆಲಸ ಬರಲಿಲ್ಲ. ಸೋಮವಾರ ಬೂದಿಕೋಟೆ ಬಸ್ಸಿಂದ ಅವರು ಇಳಿಯಲಿಲ್ಲ.

ಆ ತಗಡು ಈಗ ನನ್ನ ಹತ್ತಿರ ಇದೆ. ಅವತ್ತು ಒಳಗೆ ಉಳಿದದ್ದು ಏನು, ಜೇಬಿನಲ್ಲಿ ಹೋದದ್ದು ಮೊಳೆಗೆ ಹೇಗೆ ಬಂತು, ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದವರು ಹೇಳಿ. ಮೊನ್ನೆ ಚಪ್ಪಾಳೆ ಹೊಡೆದವರು ಮಾತ್ರ ಬಾಯಿ ಮುಚ್ಚಿಕೊಂಡಿರಿ.