ಒರೆಗಾರ ಯಸಾಕು ಅಳಿಸಿದ ಎರಡಕ್ಷರ

ಮಿತೊಮಾ ಯಸಾಕು ಕತ್ತಿಗೆ ಒರೆ ಮಾಡುವವನು. ಅವನ ಅಪ್ಪ ಮಾಡುತ್ತಿದ್ದದ್ದೂ ಅದನ್ನೇ, ಅಜ್ಜ ಮಾಡುತ್ತಿದ್ದದ್ದೂ ಅದನ್ನೇ. ಜಪಾನಿನ ಬಿಜೆನ್ ಸೀಮೆಯ ಯೋಶಿಯಿ ನದಿಯ ಈ ದಂಡೆಯಲ್ಲಿ ಒಂದು ಕಾಲಕ್ಕೆ ಮನೆಗೊಬ್ಬ ಕಮ್ಮಾರ ಇದ್ದನಂತೆ. ಈಗ ಕಮ್ಮಾರರು ಹೋಗಿ, ಅವರ ಕತ್ತಿಗಳ ಬಗ್ಗೆ ಮಾತಾಡುವವರು ಉಳಿದಿದ್ದಾರೆ. ಅಂಥವರಿಗೇನೂ ಬರವಿಲ್ಲ. ಯಸಾಕು ಮಾತ್ರ ಮಾತಿನವನಲ್ಲ. ಹೋ ಎಂಬ ಮೆದು ಮರದ, ಹತ್ತು ವರ್ಷ ಒಣಗಿಸಿದ ತುಂಡನ್ನು ಎರಡಾಗಿ ಸೀಳುತ್ತಾನೆ, ಒಳಗೆ ಕತ್ತಿಯ ಮೈ ಕೂರುವಷ್ಟೇ ಕೆತ್ತುತ್ತಾನೆ, ಅನ್ನ ಅರೆದು ಮಾಡಿದ ಅಂಟಿನಿಂದ ಮತ್ತೆ ಕೂಡಿಸುತ್ತಾನೆ. ಬೇರೆ ಅಂಟು ಹಾಕುವ ಹಾಗಿಲ್ಲ. ಮುಂದೆ ಒಳಗೆ ತುಕ್ಕು ಸೇರಿದರೆ ಒರೆ ನೋವಿಲ್ಲದೆ ಬಿಚ್ಚಿಕೊಳ್ಳಬೇಕಲ್ಲ, ಅದಕ್ಕೆ. ಒಂದು ಕತ್ತಿಗೆ ಮಾಡಿದ ಒರೆ ಇನ್ನೊಂದಕ್ಕೆ ಕೂರುವುದಿಲ್ಲ.

ಇಷ್ಟು ಪಳಗಿದ ಕೈ ಇದ್ದರೂ ಅವನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ. ಕಣ್ಣಿನ ಕೆಲಸವನ್ನೆಲ್ಲ ಅವನು ಗೆಳೆಯ ಉನ್ನೊ ಕೇಜೋಗೆ ಬಿಟ್ಟುಕೊಟ್ಟಿದ್ದ.

ಇಬ್ಬರೂ ಒಂದೇ ಬೆಂಚಿನವರು. ಯಸಾಕು ಆರನೇ ತರಗತಿಗೆ ಶಾಲೆ ಬಿಟ್ಟು ಉಳಿ ಹಿಡಿದ. ಕೇಜೋ ಓದಿ ಹೈಸ್ಕೂಲು ಮೇಷ್ಟ್ರಾದ, ಹಳೆಯ ಕತ್ತಿಗಳ ಬಗ್ಗೆ ಬರೆದ, ಊರಿನ ಕತ್ತಿ ಬಳಗಕ್ಕೆ ಅಧ್ಯಕ್ಷನಾದ. ಅವನನ್ನು ಆ ಪೀಠದ ಮೇಲೆ ಕೂರಿಸಿದ್ದು ಅವನ ಬಳಿ ಇದ್ದ ಒಂದು ಕತ್ತಿ. ಅದರ ತೊಟ್ಟಿನ ಮೇಲೆ, ಎಂದರೆ ಹಿಡಿಯೊಳಗೆ ಅಡಗಿರುವ ಭಾಗದ ಮೇಲೆ, ‘ಯೋಶಿತ್ಸುರಾ’ ಎಂದು ಓದುವ, ಚಿತ್ರಲಿಪಿಯ ಎರಡಕ್ಷರದ ಹೆಸರಿತ್ತು. ಏಳುನೂರು ವರ್ಷದ ಹಿಂದೆ ಈ ದಂಡೆಯಲ್ಲೇ ಬಾಳಿದ ಕಮ್ಮಾರ. ಅವನ ಹೆಸರಿರುವ ಬೇರೆ ಕತ್ತಿಯನ್ನು ಯಾರೂ ಕಂಡಿರಲಿಲ್ಲ. ಯೋಶಿತ್ಸುರಾ ತನ್ನ ಹೆಸರನ್ನು ಹೇಗೆ ಕೆತ್ತುತ್ತಿದ್ದ, ಯಾವ ಗೆರೆಯಲ್ಲಿ ಉಳಿ ಎತ್ತ ತಿರುಗುತ್ತಿತ್ತು ಎಂದು ಕೇಜೋ ನಲವತ್ತು ಪುಟ ಬರೆದಿದ್ದ. ಆ ನಲವತ್ತು ಪುಟವೇ ಅವನ ಮಾನ.

ಯಸಾಕುವಿನ ಮನೆಯಲ್ಲೂ ಒಂದು ಕತ್ತಿ ಇತ್ತು. ಯುದ್ಧ ಸೋತ ವರ್ಷ ಗೆದ್ದ ಸೈನ್ಯದವರು ಊರಿನ ಕತ್ತಿಗಳನ್ನೆಲ್ಲ ಶಾಲೆಯ ಅಂಗಳದಲ್ಲಿ ಸೌದೆಯ ಹಾಗೆ ರಾಶಿ ಹಾಕಿಸಿದ್ದರು. ಯಸಾಕುವಿನ ಅಪ್ಪ ಇನ್ನೆರಡು ಕತ್ತಿ ಕೊಟ್ಟು, ಇದೊಂದನ್ನು ಕಣಜದ ಕೋಣೆಯ ಮಣ್ಣಿನ ಗೋಡೆಯೊಳಗೆ ಇಟ್ಟು ಮೆತ್ತಿಬಿಟ್ಟ. ಸಿಕ್ಕಿಬಿದ್ದಿದ್ದರೆ ಜೈಲು. ಆರು ವರ್ಷದ ಮೇಲೆ ಕಾನೂನು ಸಡಿಲವಾದಾಗ ಗೋಡೆ ಒಡೆದು ತೆಗೆದು ನೋಂದಣಿ ಮಾಡಿಸಿದ. ಅದರ ತೊಟ್ಟಿನ ಮೇಲೂ ಅದೇ ಎರಡಕ್ಷರ. ಅಪ್ಪ ಅದನ್ನು ಯಾರಿಗೂ ತೋರಿಸಲಿಲ್ಲ. ಸಾಯುವ ಮುನ್ನ ಹೇಳಿದ್ದು ಒಂದೇ ಮಾತು: "ಕತ್ತಿ ಹೋದ್ರೂ ಹೋಗ್ಲಿ, ಆ ಹೆಸರಿಗೆ ಕುಂದು ತರ್ಬೇಡ."

ಷೋವಾ ನಲವತ್ತೆರಡರ, ಎಂದರೆ 1967ರ, ವಸಂತದಲ್ಲಿ ಯಸಾಕು ಅದನ್ನು ಮೊದಲ ಸಲ ಕೇಜೋ ಕೈಗೆ ಕೊಟ್ಟ. ಪರೀಕ್ಷಕರಿಗೆ ಕಳಿಸಿ ಪ್ರಮಾಣಪತ್ರ ತರಿಸೋಣ ಎಂಬ ಆಸೆ. ಕೇಜೋ ತೊಟ್ಟಿನ ಮೇಲೆ ತೆಳು ಕಾಗದ ಹೊದಿಸಿ, ಮಸಿ ಉಂಡೆ ಉಜ್ಜಿ ಹೆಸರಿನ ಅಚ್ಚು ತೆಗೆದುಕೊಂಡ. ಕತ್ತಿಯನ್ನು ಒಂದು ತಿಂಗಳು ಇಟ್ಟುಕೊಂಡ. ಮೇ ತಿಂಗಳಲ್ಲಿ ತಾನೇ ಹೊತ್ತು ತಂದ.

"ಯಸಾ, ಬೇಜಾರ್ ಮಾಡ್ಕೋಬೇಡ ಕಣೋ," ಎಂದ. "ಕತ್ತಿ ಚೆನ್ನಾಗಿದೆ. ಹೆಸರು ಮಾತ್ರ ಸುಳ್ಳು. ಎರಡನೇ ಅಕ್ಷರದ ಬಾಲ ನೋಡು, ನನ್ನದರಲ್ಲಿ ಬಲಕ್ಕೆ ತಿರುಗುತ್ತೆ, ಇದರಲ್ಲಿ ಎಡಕ್ಕೆ. ಯಾವನೋ ಆಮೇಲೆ ಕೆತ್ತಿದ್ದಾನೆ."

"ಅಪ್ಪ ಗೋಡೆಯೊಳಗೆ..."

"ನಿಮ್ಮಪ್ಪ ಒಳ್ಳೇ ಮನುಷ್ಯ. ಆದರೆ ಒಳ್ಳೇತನಕ್ಕೂ ಅಕ್ಷರಕ್ಕೂ ಏನ್ ಸಂಬಂಧ ಹೇಳು?"

ಸುಳ್ಳು ಹೆಸರಿರುವ ಕತ್ತಿಗೆ ಪ್ರಮಾಣಪತ್ರ ಸಿಗುವುದಿಲ್ಲ. ಹೆಸರನ್ನು ತೆಗೆಸಿದರೆ ಹೆಸರಿಲ್ಲದ ಕತ್ತಿ ಎಂದು ಸಿಗುತ್ತದೆ. ಕಳ್ಳ ಹೆಸರು ಹೊತ್ತು ನಿಲ್ಲುವುದಕ್ಕಿಂತ ಹೆಸರಿಲ್ಲದೆ ನಿಲ್ಲುವುದು ಮರ್ಯಾದೆ ಎಂಬುದು ನಮ್ಮ ಕತ್ತಿಯವರ ಲೆಕ್ಕ. ಲೆಕ್ಕವೇನೋ ಸರಿಯೇ. ಹೇಳುವವನು ಸರಿ ಇರಬೇಕು, ಅಷ್ಟೆ.

ಬೇರೆಯವರ ಕೈಗೆ ಕೊಡಲು ಯಸಾಕುವಿಗೆ ನಾಚಿಕೆಯಾಯಿತು. ತಾನೇ ಅರ ಹಿಡಿದ. ಬೆಳಗಿನ ಚಹಾ ಕುಡಿದು ಕೂತವನು ಊಟದ ಹೊತ್ತಿಗೆ ಮುಗಿಸಿದ. ಏಳುನೂರು ವರ್ಷದ ಕರಿ ತುಕ್ಕು ಕಾಗದದ ಮೇಲೆ ಪುಡಿಯಾಗಿ ಬಿದ್ದಿತ್ತು. ಹೆಂಡತಿ ಹರುನೊ ಬಾಗಿಲಲ್ಲೇ ನಿಂತು ನೋಡಿದಳು.

"ಮಾವ ಜೈಲಿಗೆ ಹೆದರದೆ ಉಳಿಸಿದ್ದನ್ನ, ನೀವು ಆ ಮೇಷ್ಟ್ರ ಒಂದು ಮಾತಿಗೆ ಉಜ್ಜಿಬಿಟ್ರಲ್ಲಾ," ಎಂದಳು.

"ಅವನಿಗೆ ಗೊತ್ತಿರುತ್ತೆ ಕಣೇ. ನಂಗೇನ್ ಗೊತ್ತು?"

ಹರುನೊ ಪುಡಿಯನ್ನು ಗುಡಿಸಿ ಎಸೆಯಲಿಲ್ಲ. ಪೊಟ್ಟಣ ಕಟ್ಟಿ, ದೇವರ ಗೂಡಿನಲ್ಲಿ ಮಾವನ ಹೆಸರಿನ ಫಲಕದ ಮುಂದೆ ಇಟ್ಟಳು. "ಮಾವನಿಗೆ ನೀವೇ ಹೇಳ್ಕೊಳ್ಳಿ," ಎಂದು ಒಳಗೆ ಹೋದಳು.

ಪ್ರಮಾಣಪತ್ರ ಬಂತು. ‘ಹೆಸರಿಲ್ಲ. ಕಡೆಗಾಲದ ಬಿಜೆನ್ ಕಮ್ಮಾರರದು’ ಎಂದಿತ್ತು, ಎಂದರೆ ಯೋಶಿತ್ಸುರಾನಿಗಿಂತ ಎಷ್ಟೋ ತಲೆಮಾರು ಆಮೇಲಿನದು. ಪರೀಕ್ಷಕರನ್ನು ಬೈದು ಫಲವಿಲ್ಲ. ಅವರ ಮುಂದೆ ಇದ್ದದ್ದು ಹೊಸದಾಗಿ ಅರ ಹಾಕಿದ ತೊಟ್ಟು, ಜೊತೆಗೆ ಉನ್ನೊ ಮೇಷ್ಟ್ರ ಶಿಫಾರಸು. ಯಸಾಕು ಕತ್ತಿಯನ್ನು ತಾನೇ ಮಾಡಿದ ಬಿಳಿ ಒರೆಯಲ್ಲಿಟ್ಟು ಕಪಾಟು ಮುಚ್ಚಿದ. ಹದಿನೇಳು ವರ್ಷ ಯಾರಿಗೂ ತೋರಿಸಲಿಲ್ಲ. ವರ್ಷಕ್ಕೆರಡು ಸಲ ಎಣ್ಣೆ ಹಚ್ಚುವಾಗ ಮಾತ್ರ ನೋಡುತ್ತಿದ್ದ, ಅದೂ ತೊಟ್ಟನ್ನು ನೋಡದೆ.

ಹಾಗೆಂದು ಗೆಳೆತನಕ್ಕೇನೂ ಕುಂದು ಬರಲಿಲ್ಲ. ಬದಲಿಗೆ ಹೆಚ್ಚಿತು. ತನ್ನನ್ನು ಊರೆದುರು ನಗೆಪಾಟಲಾಗದಂತೆ ಕಾಪಾಡಿದ ಎಂದು ಯಸಾಕು ಪ್ರತಿ ಶರತ್ಕಾಲಕ್ಕೆ ಕೇಜೋ ಮನೆಗೆ ಹುಳಿಯಲ್ಲಿಟ್ಟ ಮಮಕಾರಿ ಮೀನು ಕೊಂಡೊಯ್ಯುತ್ತಿದ್ದ. ಕೇಜೋ ಅದನ್ನು ತಿನ್ನುತ್ತಿದ್ದ. ಹದಿನೇಳು ಶರತ್ಕಾಲ ಚಪ್ಪರಿಸಿಕೊಂಡು ತಿಂದ. ಬರೆಯುವ ನನಗೆ ಇದೊಂದು ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಷೋವಾ ಐವತ್ತೊಂಬತ್ತರಲ್ಲಿ ಕೇಜೋಗೆ ಸೊಂಟ ಹಿಡಿದು ಒಂದು ತಿಂಗಳು ಹಾಸಿಗೆಯೇ ಗತಿಯಾಯಿತು. ಮಲಗಿದಲ್ಲೇ ತಾನು ತೆಗೆದ ಅಚ್ಚಿನ ಹಾಳೆಗಳಿಗೆಲ್ಲ ಒಂದು ಮರದ ಪೆಟ್ಟಿಗೆ ಬೇಕೆನ್ನಿಸಿತು. ಸೊಸೆ ಮಿತ್ಸುಯೊ ಕಾಗದದ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಯಸಾಕುವಿನ ಅಂಗಡಿಗೆ ಬಂದಳು.

"ಅಳತೆಗೆ ಒಂದೆರಡು ಕೊಡು ಅಂದ್ರು ಮಾವ. ಯಾವುದು ದೊಡ್ಡದು ಯಾವುದು ಚಿಕ್ಕದು ನಂಗೇನ್ ತಿಳಿಯುತ್ತೆ? ಕಪಾಟಿನಲ್ಲಿ ಇದ್ದಿದ್ದೆಲ್ಲಾ ಬಾಚ್ಕೊಂಡು ಬಂದೆ," ಎಂದು ನಕ್ಕಳು ಆ ಪಾಪದ ಹೆಣ್ಣು.

ಯಸಾಕು ಹಾಳೆಗಳನ್ನು ಎಣಿಸುತ್ತ ಹೋದ. ಪೆಟ್ಟಿಗೆಯ ಮುಚ್ಚಳದ ಒಳಗೆ ಎಷ್ಟು ಹಾಳೆ ಎಂದು ಬರೆಯುವುದು ಅವನ ಅಭ್ಯಾಸ. ಅರವತ್ತೆರಡು ಇದ್ದವು. ಅರವತ್ತನೆಯದಕ್ಕೆ ಅವನ ಕೈ ನಿಂತಿತು. ಬಾಲ ಎಡಕ್ಕೆ ತಿರುಗಿದ ಎರಡಕ್ಷರ. ತಾನು ಅರ ಹಾಕಿದ್ದು. ಪಕ್ಕದಲ್ಲಿ ಕೇಜೋನ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ‘ಮಿತೊಮಾ ಮನೆಯ ಕತ್ತಿ. ಹೆಸರು ನಿಜ, ಎರಡು ಮಾತಿಲ್ಲ. ನನ್ನದರ ಮೇಲಿರುವುದೇ ಆಮೇಲೆ ಕೆತ್ತಿದ್ದು. ಷೋವಾ 42, ಏಪ್ರಿಲ್.’

ಏಪ್ರಿಲ್. ಕೇಜೋ ಮನೆಗೆ ಬಂದು "ಸುಳ್ಳು" ಎಂದದ್ದು ಮೇ.

ಬೆನ್ನಿಗೆ ಚೂರಿ ಹಾಕಿದ ಎನ್ನುತ್ತಾರೆ. ಕೇಜೋ ಅಷ್ಟು ಕಷ್ಟವನ್ನೂ ಪಡಲಿಲ್ಲ. ಅರವನ್ನು ಗೆಳೆಯನ ಕೈಗೇ ಕೊಟ್ಟು ಹೋಗಿದ್ದ. ಹಣಕ್ಕಾಗಿ ಮಾಡಿದ್ದರೆ ಯಸಾಕುವಿಗೆ ಇಷ್ಟು ಉರಿಯುತ್ತಿರಲಿಲ್ಲವೇನೋ. ನಲವತ್ತು ಪುಟ ಉಳಿಯಲಿ ಎಂದು ಮಾಡಿದ್ದ. ಅಚ್ಚನ್ನಾದರೂ ಸುಟ್ಟನೇ? ಅದೂ ಇಲ್ಲ. ಹಳೆಯ ಕತ್ತಿಯ ಅಚ್ಚು ಸುಡಲು ನಮ್ಮ ಜನಕ್ಕೆ ಕೈ ಬರುವುದಿಲ್ಲ. ಕಾಗದದ ಮೇಲೆ ಅಷ್ಟು ಕರುಣೆ ಇದ್ದವನಿಗೆ ಉಕ್ಕಿನ ಮೇಲೆ ಇರಲಿಲ್ಲ, ಯಸಾಕುವಿನ ಮೇಲೆ ಮೊದಲೇ ಇರಲಿಲ್ಲ.

ಹರುನೊ ಓದಿ ನೋಡಿದಳು. "ನಾನ್ ಅವತ್ತೇ ಹೇಳಿದ್ದೆ," ಎನ್ನಲು ಬಾಯಿವರೆಗೂ ಬಂದಿತ್ತು. ಗಂಡನ ಮುಖ ನೋಡಿ ನುಂಗಿಕೊಂಡಳು.

"ಹೋಗಿ ಆ ಕಾಗದ ಅವರ ಮುಖದ ಮೇಲೆ ಎಸೀರಿ," ಎಂದಳು.

"ಎಸೆದ್ರೆ ಬಗ್ಗಿ ಎತ್ಕೋತಾನೆ. ಅವನ ಬಾಯಲ್ಲಿ ಆ ಹೆಸರು ಬರ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."

ಪೆಟ್ಟಿಗೆ ಮಾಡಿದ. ಕೆಲಸದಲ್ಲಿ ಒಂದು ಕೂದಲಷ್ಟೂ ಕಡಿಮೆ ಮಾಡಲಿಲ್ಲ. ಅಚ್ಚೊಂದನ್ನು ತೆಗೆದಿಟ್ಟುಕೊಂಡು, ಮುಚ್ಚಳದ ಒಳಗೆ ‘ಅರವತ್ತೊಂದು’ ಎಂದು ಬರೆದು ಕಳಿಸಿದ. ಕೇಜೋ ತನ್ನ ಹಾಳೆಗಳ ಲೆಕ್ಕ ತಿಳಿದವನು. ಯಾವುದು ಕಡಿಮೆ ಎಂದು ಹುಡುಕಲು ಅವನಿಗೆ ಬಹಳ ಹೊತ್ತು ಹಿಡಿದಿರಲಾರದು.

ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಬಳಗ ಸೇರುವುದು ದೇವಸ್ಥಾನದ ಹಿಂದಿನ ಕೋಣೆಯಲ್ಲಿ. ಅಲ್ಲಿಯ ಆಟ ಇಷ್ಟೇ: ಹಿಡಿ ಕಳಚಿ, ತೊಟ್ಟಿಗೆ ಬಟ್ಟೆ ಸುತ್ತಿ ಹೆಸರು ಮರೆಮಾಡಿ ಕತ್ತಿ ಇಡುತ್ತಾರೆ. ಒಬ್ಬೊಬ್ಬರೇ ಬಗ್ಗಿ ನಮಸ್ಕರಿಸಿ, ಉಸಿರು ತಾಗದಂತೆ ಬಾಯಿ ಮುಚ್ಚಿ, ದೀಪದ ಕೆಳಗೆ ಉಕ್ಕಿನ ಎಳೆಯನ್ನೂ ಅಲಗಿನ ಬಿಳಿ ಮಬ್ಬನ್ನೂ ನೋಡಿ, ಕಮ್ಮಾರ ಯಾರೆಂದು ಚೀಟಿಯಲ್ಲಿ ಬರೆಯುತ್ತಾರೆ. ತೀರ್ಪುಗಾರ ಚೀಟಿಯ ಮೇಲೆ ‘ತಾಗಿತು’ ಎಂದೋ ‘ಅಲ್ಲ’ ಎಂದೋ ಬರೆದು ತಿರುಗಿಸುತ್ತಾನೆ. ವಾದ ಇಲ್ಲ. ಪ್ರಮಾಣಪತ್ರದಲ್ಲಿ ಏನಿದೆಯೋ ಅದೇ ಉತ್ತರ.

ಅಂದು ಕೇಜೋ ಕೋಲೂರಿಕೊಂಡು ಬಂದಿದ್ದ. ಯಸಾಕು ಉದ್ದನೆಯ ಗಂಟೊಂದನ್ನು ಮುಂದಿಟ್ಟು, ಬಳಗದ ಕಾರ್ಯದರ್ಶಿ, ಹಲ್ಲಿನ ಡಾಕ್ಟರು ತಕೆಬೆ ಕಡೆ ತಿರುಗಿದ.

"ಇವತ್ತು ಒಂದು ಕತ್ತಿ ನಂದು. ತೀರ್ಪು ನಾನೇ ಬರೀತೀನಿ. ಒಂದೇ ಚೀಟಿ, ಎರಡನೇ ಅವಕಾಶ ಇಲ್ಲ."

"ಅಯ್ಯೋ, ಒರೆಗಾರ್ರು ಬಾಯಿ ಬಿಟ್ರು! ಮಳೆ ಬರೋದು ಗ್ಯಾರಂಟಿ, ಯಾರಾದ್ರೂ ಛತ್ರಿ ತಂದಿದೀರೇನ್ರೀ?" ಎಂದ ತಕೆಬೆ. ಸೇರಿದ್ದವರು ನಕ್ಕರು. ಕೇಜೋ ನಗಲಿಲ್ಲ.

ಎಲ್ಲರೂ ನೋಡಿ ಬರೆದ ಮೇಲೆ ಕಡೆಯಲ್ಲಿ ಕೇಜೋನ ಸರದಿ. ನಮಸ್ಕರಿಸಲು ಬಗ್ಗಿದವನು ಸೊಂಟ ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದ. ಕತ್ತಿ ಎತ್ತಿದ. ಒಂದು ತಿಂಗಳು ಮನೆಯಲ್ಲಿಟ್ಟುಕೊಂಡು ನೋಡಿದ ಕತ್ತಿ, ಮರೆಯುವುದುಂಟೇ? ಅವನ ಮುಂದೆ ಎರಡು ದಾರಿ ಇದ್ದವು. ತಾನೇ ಶಿಫಾರಸು ಮಾಡಿದ್ದ ‘ಕಡೆಗಾಲದ ಬಿಜೆನ್’ ಎಂದು ಬರೆದರೆ ‘ತಾಗಿತು’ ಬರುತ್ತದೆ, ಅಧ್ಯಕ್ಷನ ಮಾನ ಅಧ್ಯಕ್ಷನ ಬಳಿಯೇ ಉಳಿಯುತ್ತದೆ. ನಿಜ ಬರೆದರೆ ಸೋಲುತ್ತಾನೆ. ಯಸಾಕು ಕಣ್ಣು ಮಿಟುಕಿಸದೆ ಕೂತಿದ್ದ. ಬರಿ, ಒಂದು ಸಲ ಬರಿ, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ.

ಕೇಜೋ ಬರೆದ. ಚೀಟಿಯನ್ನು ಎರಡು ಮಡಿಕೆ ಮಾಡಿ ಕೊಟ್ಟ.

ಉಳಿದ ಚೀಟಿಗಳ ತೀರ್ಪು ಬೇಗ ಮುಗಿಯಿತು. ತಕೆಬೆಯ ಊಹೆ ತಾಗಿತ್ತು. ಯಸಾಕು ಕಡೆಯ ಚೀಟಿ ಬಿಡಿಸಿದ. ಅದೇ ಮುದ್ದಾದ ಅಕ್ಷರ: ‘ಯೋಶಿತ್ಸುರಾ.’

ಯಸಾಕುವಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಪಕ್ಕದಲ್ಲೇ ಪ್ರಮಾಣಪತ್ರವಿತ್ತು. ಬಟ್ಟೆಯ ಕೆಳಗೆ ಬೋಳು ತೊಟ್ಟಿತ್ತು. ತೀರ್ಪುಗಾರನ ಜಾಗವನ್ನು ಬಾಯಿಬಿಟ್ಟು ಕೇಳಿಕೊಂಡವನು ತಾನೇ. ಪತ್ರದಲ್ಲಿರುವುದನ್ನು ಬಿಟ್ಟು ಬೇರೆ ಬರೆಯಲು ತೀರ್ಪುಗಾರನಿಗೆ ಹಕ್ಕಿಲ್ಲ. ಕುಂಚ ಅದ್ದಿ, ಆ ಹೆಸರಿನ ಕೆಳಗೆ ‘ಅಲ್ಲ’ ಎಂದು ಬರೆದ.

"ಏನು! ಮೇಷ್ಟ್ರಿಗೇ ‘ಅಲ್ಲ’ ಬಂತಾ?" ತಕೆಬೆ ತೊಡೆ ತಟ್ಟಿಕೊಂಡು ನಕ್ಕ. "ನಂಗೆ ತಾಗಿದ್ದು ಮೇಷ್ಟ್ರಿಗೆ ತಾಗಲಿಲ್ವಲ್ರೀ! ವಯಸ್ಸಾಯ್ತು ಮೇಷ್ಟ್ರೇ!"

"ಹೌದು, ವಯಸ್ಸಾಯ್ತು," ಎಂದ ಕೇಜೋ.

ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸಲಾಗದೆ ಕೇಜೋ ಗೋಡೆ ಹಿಡಿದು ನಿಂತಿದ್ದ. ಯಸಾಕು ಬಗ್ಗಿ ಚಪ್ಪಲಿ ಸರಿ ಮಾಡಿ ಕೊಟ್ಟ. ಐವತ್ತು ವರ್ಷದ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

"ಯಸಾ, ಆ ಅಚ್ಚನ್ನ ಎಲ್ರಿಗೂ ತೋರ್ಸು. ನಾನ್ ಬೇಡ ಅನ್ನಲ್ಲ."

"ತೋರಿಸ್ತೀನೋ ಬಿಡ್ತೀನೋ, ಹೆಸರು ತಿರುಗಿ ಬರುತ್ತೇನೋ?"

"ಇವತ್ತು ನಾನು ನಿಜಾನೇ ಬರ್ದೆ."

"ಬರ್ದೆ. ನಾನು ಅರ ಹಿಡಿಯೋ ಮುಂಚೆಯೂ ಬರ್ದಿದ್ದೆ, ನಿನ್ ಕಪಾಟಿಗೆ. ನಂಗೊಂದು ಮಾತು ಹೇಳೋಕೆ ನಿಂಗೆ ಏನಾಗಿತ್ತು ಕೇಜೋ?"

ಕೇಜೋ ಕೋಲೂರಿಕೊಂಡು ಮೆಟ್ಟಿಲಿಳಿದ. ಈ ಸಲ ಯಸಾಕು ಕೈ ಕೊಡಲಿಲ್ಲ.

ಮನೆಗೆ ಬಂದಾಗ ಹರುನೊ ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದಳು. "ಮೇಷ್ಟ್ರು ಬರೆದ್ರಾ?" ಎಂದು ಕೇಳಿದಳು.

"ಬರ್ದ."

ದೇವರ ಗೂಡು ತೆರೆದು, ತುಕ್ಕಿನ ಪೊಟ್ಟಣದ ಪಕ್ಕದಲ್ಲಿ ಚೀಟಿಯನ್ನು ಬಿಡಿಸಿಟ್ಟ. ಹರುನೊ ಕೈ ಒರೆಸಿಕೊಂಡು ಬಂದು ಓದಿದಳು. ಮೇಲೆ ಮೇಷ್ಟ್ರ ಅಕ್ಷರದಲ್ಲಿ ಮಾವ ಗೋಡೆಯೊಳಗೆ ಬಚ್ಚಿಟ್ಟ ಹೆಸರು. ಕೆಳಗೆ ಗಂಡನ ಅಕ್ಷರದಲ್ಲಿ ‘ಅಲ್ಲ’.

"ಇದನ್ನ ಬರ್ದಿದ್ದು ನೀವಾ?"

"ನಾನೇ. ಅವತ್ತೂ ನನ್ ಕೈ, ಇವತ್ತೂ ನನ್ ಕೈನೇ," ಎಂದು ಯಸಾಕು ಅಪ್ಪನ ಫಲಕದ ಮುಂದೆ ಕೂತು ಅಳತೊಡಗಿದ.